ಗ್ಯಾಸ್ ಬಿಟ್ಟು ಸೌದೆಯಾ, ಸೋಲಾರಾ? ಹಳೇ ಮನೆ ಬೆಚ್ಚಗಿಡಲು ಯಾವ ದಾರಿ

ಗ್ಯಾಸ್ ಉರಿಸಿ ಮನೆಯೆಲ್ಲ ಬೆಚ್ಚಗಿಡುವ ಬಾಯ್ಲರ್ ಇರುವ ಹಳೇ ಮನೆ. ವರ್ಷದಿಂದ ವರ್ಷಕ್ಕೆ ಏರುವ ಬಿಲ್ಲು. ಒಂದು ದಿನ ಮನೆಯವರೆಲ್ಲ ಕೂತು ಮಾತಾಡುತ್ತಾರೆ: ಗ್ಯಾಸ್ ಸಾಕು, ಸೌದೆಗೆ ಹೋಗೋಣವಾ, ಸೋಲಾರ್ ಹಾಕಿಸೋಣವಾ? ಹೀಗೆ ಕೇಳಿಕೊಂಡು ಬರುವವರ ಕೈಯಲ್ಲಿ ಸಾಮಾನ್ಯವಾಗಿ ಆಗಲೇ ಒಂದು ಒಲೆಯ ಚಿತ್ರ ಇರುತ್ತದೆ. ಗಾಜಿನ ಬಾಗಿಲು, ಒಳಗೆ ಚೆಂದದ ಉರಿ, ಮುಂದೆ ಮಲಗಿದ ಬೆಕ್ಕು. ದೂರದ ಬೆಟ್ಟ ನುಣ್ಣಗೆ, ಅಲ್ವಾ? ನಾನು ಕೇಳುವ ಮೊದಲ ಪ್ರಶ್ನೆ ಅವರಿಗೆ ಸ್ವಲ್ಪ ಸಪ್ಪೆ ಅನ್ನಿಸುತ್ತದೆ. ವರ್ಷದ ಅತಿ ಚಳಿಯ ವಾರ, ಬೆಳಗಿನ ಜಾವ ಐದು ಗಂಟೆ. ಆಗ ಎದ್ದು ಆ ಒಲೆಗೆ ಸೌದೆ ಹಾಕುವವರು ಯಾರು?

ತಮಾಷೆಗೆ ಕೇಳುವ ಮಾತಲ್ಲ ಇದು. ಗ್ಯಾಸ್ ನಮಗೆ ಶಾಖದ ಜೊತೆಗೆ ನಿಶ್ಚಿಂತೆಯನ್ನೂ ಕೊಡುತ್ತಿತ್ತು. ಗುಂಡಿ ಒತ್ತಿದರೆ ಆಯಿತು. ಸೌದೆ ಬಿಲ್ಲು ಇಳಿಸುತ್ತದೆ, ಆದರೆ ಕೆಲಸ ಹಚ್ಚುತ್ತದೆ. ಸೋಲಾರ್ ಕೆಲಸ ಹಚ್ಚುವುದಿಲ್ಲ, ಆದರೆ ಶಾಖ ಬೇಕೇ ಬೇಕಾದ ತಿಂಗಳಲ್ಲಿ ಕೈಕೊಡುತ್ತದೆ. ಹಾಗಾಗಿ ಯಾವ ಒಲೆ, ಯಾವ ಪ್ಯಾನೆಲ್ ಎನ್ನುವುದಕ್ಕಿಂತ ಮುಂಚೆ ಅಳತೆಗೋಲು ಇಟ್ಟುಕೊಳ್ಳಬೇಕು.

ಮೊದಲು ನಿಮ್ಮ ಮನೆಯ ಲೆಕ್ಕ

ಹಳೇ ಗ್ಯಾಸ್ ಬಿಲ್ಲುಗಳನ್ನು ಹುಡುಕಿ ತೆಗೆಯಿರಿ. ಒಂದು ವರ್ಷಕ್ಕೆ ಎಷ್ಟು ಉರಿಸಿದ್ದೀರಿ ನೋಡಿ. ಬಿಲ್ಲು ಘನ ಮೀಟರ್‌ನಲ್ಲಿದ್ದರೆ, ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲದ ಒಂದು ಘನ ಮೀಟರ್ ಎಂದರೆ ಸುಮಾರು 10 ಯೂನಿಟ್ ಶಾಖ ಅಂದುಕೊಳ್ಳಿ. ಯೂನಿಟ್ ಎಂದರೆ ಕರೆಂಟ್ ಬಿಲ್ಲಿನಲ್ಲಿ ನೋಡುವ ಅದೇ ಯೂನಿಟ್, ಅಂದರೆ ಒಂದು ಕಿಲೋವ್ಯಾಟ್ ಅವರ್.

ಉದಾಹರಣೆಗೆ ವರ್ಷಕ್ಕೆ 20,000 ಯೂನಿಟ್ ಗ್ಯಾಸ್ ಉರಿಯುವ ಮನೆ ಇದೆ ಎನ್ನೋಣ. ಬಾಯ್ಲರ್ ನೂರಕ್ಕೆ 90 ಪಾಲು ಶಾಖವನ್ನು ಮನೆಗೆ ಕೊಟ್ಟರೆ ನಿಜವಾಗಿ ಬೇಕಿದ್ದದ್ದು 18,000 ಯೂನಿಟ್. ಚೆನ್ನಾಗಿ ಒಣಗಿದ ಸೌದೆ ಕಿಲೋಗೆ ಸುಮಾರು 4 ಯೂನಿಟ್ ಕೊಡುತ್ತದೆ. ಒಲೆ ಅದರಲ್ಲಿ ನೂರಕ್ಕೆ 80 ಪಾಲು ಉಳಿಸಿಕೊಟ್ಟರೆ ವರ್ಷಕ್ಕೆ ಐದೂವರೆ ಟನ್‌ಗಿಂತ ಸ್ವಲ್ಪ ಜಾಸ್ತಿ ಸೌದೆ ಬೇಕು. ಗಟ್ಟಿ ಮರವಾದರೆ ಪೇರಿಸಿಟ್ಟಾಗ ಹತ್ತಿರ ಹತ್ತಿರ 12 ಘನ ಮೀಟರ್. ಕಣ್ಣಿಗೆ ಕಟ್ಟುವ ಹಾಗೆ ಹೇಳಬೇಕೆಂದರೆ ಹೆಗಲೆತ್ತರದ, ಒಂದು ಮೀಟರ್ ಅಗಲದ, ಎಂಟು ಮೀಟರ್ ಉದ್ದದ ಸೌದೆಯ ಗೋಡೆ. ಈ ವರ್ಷ ಉರಿಸಲು ಒಂದು, ಬರುವ ವರ್ಷಕ್ಕೆ ಒಣಗಲು ಇನ್ನೊಂದು. ಇಷ್ಟಕ್ಕೆ ಮಳೆ ಬೀಳದ, ಗಾಳಿ ಆಡುವ ಜಾಗ ನಿಮ್ಮಲ್ಲಿದೆಯಾ? ಇಲ್ಲದಿದ್ದರೆ ಪೂರ್ತಿ ಸೌದೆಯ ಯೋಚನೆಯನ್ನು ಇಲ್ಲೇ ಬಿಡಬಹುದು.

ಇನ್ನೊಂದು ಅಳತೆ ವರ್ಷದ್ದಲ್ಲ, ಒಂದು ದಿನದ್ದು. ಅತಿ ಚಳಿ ಬಿದ್ದ ದಿನ ಬೆಳಿಗ್ಗೆ ಗ್ಯಾಸ್ ಮೀಟರ್ ಓದಿ, ಮರುದಿನ ಅದೇ ಹೊತ್ತಿಗೆ ಮತ್ತೆ ಓದಿ. ನಮ್ಮ ಉದಾಹರಣೆಯ ಮನೆಯಲ್ಲಿ ಅಂಥ ದಿನ ಮನೆಗೆ ಬೇಕಾದ ಶಾಖ ಸುಮಾರು 190 ಯೂನಿಟ್ ಇರಬಹುದು. ಸೌದೆಯಲ್ಲಿ ಅದು ದಿನಕ್ಕೆ 60 ಕಿಲೋ. ಮುಂದೆ ಯಾವುದೇ ಮಾರಾಟಗಾರ ಏನೇ ಹೇಳಿದರೂ ಈ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡಿ. ಇಡೀ ನಿರ್ಧಾರ ನಿಂತಿರುವುದು ಈ ಒಂದು ದಿನದ ಮೇಲೆ ಎಂಬುದು ನನ್ನ ಅಭಿಪ್ರಾಯ.

ಮೂರನೆಯದು, ಶಾಖ ಮನೆಯೊಳಗೆ ಹೇಗೆ ಹಂಚಿಕೆಯಾಗುತ್ತಿದೆ ಎಂಬುದು. ಹಳೇ ಮನೆಗಳ ರೇಡಿಯೇಟರ್‌ಗಳನ್ನು, ಅಂದರೆ ಬಿಸಿನೀರು ಹರಿದು ಕೋಣೆ ಕಾಯಿಸುವ ಲೋಹದ ಪಟ್ಟಿಗಳನ್ನು, ಬಹುಪಾಲು 70–80 ಡಿಗ್ರಿ ನೀರಿಗೆಂದೇ ಅಳೆದು ಹಾಕಿರುತ್ತಾರೆ. ಸೌದೆ ಬಾಯ್ಲರ್‌ಗೆ ಆ ಬಿಸಿ ಲೆಕ್ಕಕ್ಕಿಲ್ಲ. ಸೋಲಾರ್‌ಗೂ, ಹೊರಗಿನ ಶಾಖವನ್ನು ಕರೆಂಟಿನಿಂದ ಮನೆಯೊಳಗೆ ಎಳೆದು ತರುವ ಹೀಟ್ ಪಂಪ್‌ಗೂ ಅದು ಏರುದಾರಿ. ಇದನ್ನು ಪರೀಕ್ಷಿಸಲು ಖರ್ಚೇನೂ ಇಲ್ಲ. ಚಳಿಯ ಒಂದು ದಿನ ಗ್ಯಾಸ್ ಬಾಯ್ಲರ್‌ನ ನೀರಿನ ಬಿಸಿಯನ್ನು 50–55 ಡಿಗ್ರಿಗೆ ಇಳಿಸಿ. ಇಡೀ ದಿನ ಹಾಗೇ ಬಿಡಿ. ಮನೆ ಬೆಚ್ಚಗೇ ಇದ್ದರೆ ನಿಮ್ಮ ಮುಂದೆ ಎಲ್ಲ ದಾರಿಗಳೂ ತೆರೆದಿವೆ. ಸಂಜೆಗೆ ಎಲ್ಲರೂ ಸ್ವೆಟರ್ ಹುಡುಕಿದರೆ ಒಂದೋ ರೇಡಿಯೇಟರ್ ದೊಡ್ಡದು ಮಾಡಬೇಕು, ಇಲ್ಲವೋ ಮನೆಯಿಂದ ಸೋರುವ ಶಾಖ ತಡೆಯಬೇಕು. ಬಿಸಿಗಾಳಿಯನ್ನು ಡಕ್ಟ್‌ನಲ್ಲಿ ಹಂಚುವ ಮನೆಯಾದರೆ ಬಿಸಿನೀರನ್ನು ಆ ಗಾಳಿಗೆ ಜೋಡಿಸುವ ಸುರುಳಿಯೊಂದು ಬೇಕಾಗುತ್ತದೆ. ಅದು ಆಗದ ಕೆಲಸವಲ್ಲ, ಖರ್ಚು ಮಾತ್ರ ಒಂದು ಹಂತ ಜಾಸ್ತಿ.

ಉಳಿದ ಅಳತೆಗಳು ನಿಮಗೇ ಗೊತ್ತು. ಮೊದಲ ಖರ್ಚು ಎಷ್ಟು ತಡೆದೀತು, ಮನೆಯಲ್ಲಿ ಭಾರ ಎತ್ತುವ ಕೈ ಎಷ್ಟು, ದಿನವಿಡೀ ಯಾರಾದರೂ ಇರುತ್ತಾರಾ, ಕರೆಂಟ್ ಹೋಗುವ ಊರಾ, ಪಕ್ಕದ ಮನೆ ಎಷ್ಟು ಹತ್ತಿರ. ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಸೋರುವ ಕೊಡವನ್ನು ಮೊದಲು ಮುಚ್ಚಿ

ಇದನ್ನು ಹೇಳಿದರೆ ಯಾರಿಗೂ ಖುಷಿಯಾಗುವುದಿಲ್ಲ. ಆದರೂ ಹೇಳುತ್ತೇನೆ. ಸೂರಿನ ಕೆಳಗೆ ಇನ್ಸುಲೇಷನ್ (ಶಾಖ ಹೊರಹೋಗದಂತೆ ತಡೆಯುವ ಹೊದಿಕೆ) ಇಲ್ಲದ, ಕಿಟಕಿ ಸಂದಿಯಲ್ಲಿ ಗಾಳಿ ಶಿಳ್ಳೆ ಹೊಡೆಯುವ ಮನೆಗೆ ಹೊಸ ಬಾಯ್ಲರ್ ತರುವುದು ತೂತಿನ ಕೊಡಕ್ಕೆ ನೀರು ತುಂಬಿದ ಹಾಗೆ. ಸೂರು, ಸಂದಿಗಳು, ಬಾಗಿಲ ಬುಡ, ನೆಲಮಾಳಿಗೆಯ ಪೈಪುಗಳು. ಮೊದಲ ಹಣ ಇಲ್ಲಿಗೆ ಹೋಗಲಿ. 190 ಯೂನಿಟ್‌ನ ದಿನ 140ಕ್ಕೆ ಇಳಿದರೆ ಬಾಯ್ಲರ್, ಬಿಸಿನೀರು ಕೂಡಿಡುವ ಟ್ಯಾಂಕ್, ಸೌದೆಯ ರಾಶಿ ಎಲ್ಲವೂ ಒಂದು ಅಳತೆ ಚಿಕ್ಕದಾಗುತ್ತವೆ. ಕೆಲಸದ ಅನುಕ್ರಮ ತಿರುಗಿಸಿದರೆ, ಮೊದಲು ದೊಡ್ಡ ಒಲೆ ತಂದು ಆಮೇಲೆ ಮನೆ ಬಿಗಿ ಮಾಡಿದರೆ, ಒಲೆ ಮನೆಗೆ ಜಾಸ್ತಿಯಾಗುತ್ತದೆ. ಆಗ ಅದನ್ನು ಸದಾ ಗಾಳಿ ಕಡಿಮೆ ಮಾಡಿ ಕುಮುಲಿಸಬೇಕಾಗುತ್ತದೆ. ಕುಮುಲುವ ಬೆಂಕಿ ಎಂದರೆ ಹೊಗೆ, ಮಸಿ, ಚಿಮಣಿಯೊಳಗೆ ಟಾರು.

ಒಂದು ಕೋಣೆಯ ಸೌದೆ ಒಲೆ

ಅತಿ ಕಡಿಮೆ ಖರ್ಚಿನ ದಾರಿ ಇದು. ಗ್ಯಾಸ್ ಬಾಯ್ಲರ್ ಇದ್ದಲ್ಲೇ ಇರುತ್ತದೆ. ಜನ ಜಾಸ್ತಿ ಹೊತ್ತು ಕೂರುವ ಕೋಣೆಗೆ ಒಂದು ಒಲೆ ಬರುತ್ತದೆ. ತೆರೆದ ಅಗ್ಗಿಷ್ಟಿಕೆ ಇದ್ದರೆ ಅದರ ಬಾಯಿಗೆ ಬಾಗಿಲಿರುವ ಒಲೆ ಕೂರಿಸುವುದೇ ದೊಡ್ಡ ಲಾಭ. ತೆರೆದ ಅಗ್ಗಿಷ್ಟಿಕೆ ಸೌದೆಯ ಶಾಖದಲ್ಲಿ ನೂರಕ್ಕೆ 10–20 ಪಾಲು ಮಾತ್ರ ಕೋಣೆಗೆ ಕೊಡುತ್ತದೆ. ಮೇಲಿಂದ ಕೋಣೆಯ ಬೆಚ್ಚನೆ ಗಾಳಿಯನ್ನೂ ಚಿಮಣಿಗೆ ಎಳೆದುಕೊಳ್ಳುತ್ತದೆ. ಈಗಿನ ಒಳ್ಳೆ ಮುಚ್ಚಿದ ಒಲೆಗಳು 70–80 ಪಾಲು ಕೊಡುತ್ತವೆ.

ತೊಂದರೆ ಹಂಚಿಕೆಯದು. ಒಲೆಯ ಕೋಣೆ 25 ಡಿಗ್ರಿ, ಹಿಂದಿನ ಮಲಗುವ ಕೋಣೆ 14. ಹಳೇ ಮನೆಗಳಲ್ಲಿ ಗೋಡೆ ದಪ್ಪ, ಬಾಗಿಲು ಚಿಕ್ಕದು. ಶಾಖ ತಾನಾಗಿ ಅಷ್ಟು ದೂರ ನಡೆಯುವುದಿಲ್ಲ. ಇನ್ನೊಂದು ಎಡವಟ್ಟನ್ನು ಬಹಳ ಜನ ಮಾಡುತ್ತಾರೆ. ಗ್ಯಾಸ್‌ನ ಥರ್ಮೋಸ್ಟಾಟ್ ಇರುವ ಕೋಣೆಯಲ್ಲೇ ಒಲೆ ಇಡುತ್ತಾರೆ. ಒಲೆ ಹಚ್ಚಿದ ಕೂಡಲೇ ಥರ್ಮೋಸ್ಟಾಟ್ 'ಮನೆ ಬಿಸಿಯಾಗಿದೆ' ಎಂದು ನಂಬಿ ಗ್ಯಾಸ್ ನಿಲ್ಲಿಸುತ್ತದೆ. ಉಳಿದ ಕೋಣೆಗಳಲ್ಲಿ ಮಕ್ಕಳು ನಡುಗುತ್ತಾರೆ. ಥರ್ಮೋಸ್ಟಾಟ್ ಬೇರೆ ಕಡೆಗೆ ಹಾಕಿಸಿ, ಚಿಕ್ಕ ಕೆಲಸ. ಅಡುಗೆಮನೆಯ ಹೊಗೆ ಎಳೆಯುವ ಫ್ಯಾನ್ ಜೋರಾಗಿದ್ದರೆ ಅದನ್ನೂ ಗಮನಿಸಿ. ಬಿಗಿಯಾದ ಮನೆಯಲ್ಲಿ ಆ ಫ್ಯಾನ್ ಒಲೆಯ ಹೊಗೆಯನ್ನು ಚಿಮಣಿಯಿಂದ ವಾಪಸ್ ಒಳಗೆ ಎಳೆಯಬಲ್ಲದು. ಹೊರಗಿನ ಗಾಳಿಯನ್ನು ನೇರ ಪೈಪಿನಲ್ಲಿ ತೆಗೆದುಕೊಳ್ಳುವ ಒಲೆ ಸಿಕ್ಕರೆ ಅದೇ ವಾಸಿ.

ಒಲೆಯ ಬೆನ್ನಿಗೆ ನೀರಿನ ಪೆಟ್ಟಿಗೆ ಜೋಡಿಸಿ ನಾಲ್ಕೈದು ರೇಡಿಯೇಟರ್ ಓಡಿಸುವ ಮಾದರಿಗಳೂ ಇವೆ. ಎರಡೂ ಕೆಲಸ ಒಂದರಲ್ಲೇ ಆಗುತ್ತದೆಂದು ಜನ ಮರುಳಾಗುತ್ತಾರೆ. ನನಗೆ ಅಷ್ಟು ಒಲವಿಲ್ಲ. ತಣ್ಣನೆ ನೀರು ಬೆಂಕಿಯ ಬಿಸಿ ಕದಿಯುತ್ತದೆ, ಉರಿ ಮಂಕಾಗುತ್ತದೆ, ಗಾಜು ಕಪ್ಪಾಗುತ್ತದೆ. ಕೋಣೆಗೂ ಅರೆಬರೆ, ರೇಡಿಯೇಟರ್‌ಗೂ ಅರೆಬರೆ.

ಸೌದೆ ಬಾಯ್ಲರ್ ಮತ್ತು ದೊಡ್ಡ ಟ್ಯಾಂಕ್

ಗ್ಯಾಸನ್ನು ನಿಜವಾಗಿ ಬದಲಿಸಬಲ್ಲ ಸೌದೆ ವ್ಯವಸ್ಥೆ ಇದು. ಇದರ ಗುಟ್ಟು ಇರುವುದು ಟ್ಯಾಂಕಿನಲ್ಲಿ. ಸೌದೆ ಚೆನ್ನಾಗಿ ಉರಿಯುವುದು ಧಗಧಗ ಉರಿದಾಗ. ಮನೆಗೆ ಬೇಕಾದದ್ದೋ ದಿನವಿಡೀ ಹದವಾದ ಶಾಖ. ಇವೆರಡನ್ನು ಹೊಂದಿಸುವುದು ನೀರು. ಬಾಯ್ಲರ್ ನಾಲ್ಕೈದು ಗಂಟೆ ಪೂರ್ತಿ ಜೋರಿನಲ್ಲಿ ಉರಿದು ಆರುತ್ತದೆ. ಆ ಶಾಖ ಟ್ಯಾಂಕಿನಲ್ಲಿ ಕೂತು ನಿಧಾನವಾಗಿ ರೇಡಿಯೇಟರ್‌ಗೆ ಹೋಗುತ್ತದೆ. ಉರಿಯಿಂದ ಹುಟ್ಟುವ ಅನಿಲವನ್ನು ಕೆಳಗಿನ ಗೂಡಿನಲ್ಲಿ ಎರಡನೇ ಸಲ ಉರಿಸುವ ಬಾಯ್ಲರ್‌ಗಳು ನೂರಕ್ಕೆ 85–90 ಪಾಲು ಶಾಖ ಕೊಡುತ್ತವೆ. ಹೊಗೆಯೂ ಬಹಳ ಕಡಿಮೆ.

ಟ್ಯಾಂಕ್ ಎಷ್ಟು ದೊಡ್ಡದು? ಬಾಯ್ಲರ್‌ನ ಒಂದು ಕಿಲೋವ್ಯಾಟ್‌ಗೆ ಕನಿಷ್ಠ 50 ಲೀಟರ್ ಎನ್ನುವುದು ಈ ಕಸುಬಿನವರ ರೂಢಿಯ ಲೆಕ್ಕ. ನಾನಾದರೆ ಅದಕ್ಕಿಂತ ಜಾಸ್ತಿಯೇ ಇಡುತ್ತೇನೆ. 1,000 ಲೀಟರ್ ನೀರು 40 ಡಿಗ್ರಿ ಏರಿದರೆ ಅದರಲ್ಲಿ ಕೂರುವುದು ಸುಮಾರು 46 ಯೂನಿಟ್ ಶಾಖ. 190 ಯೂನಿಟ್‌ನ ದಿನಕ್ಕೆ ಅದು ಆರು ಗಂಟೆಯ ಬುತ್ತಿ ಅಷ್ಟೆ. 2,000 ಲೀಟರ್ ಇಟ್ಟರೆ ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ಉರಿ ಹಚ್ಚಿದರೆ ಅತಿ ಚಳಿಯ ದಿನವೂ ದಾಟುತ್ತದೆ. ಚಳಿ ಕಡಿಮೆಯಿದ್ದಾಗ ದಿನಕ್ಕೊಮ್ಮೆ, ಋತುವಿನ ಕೊನೆಗೆ ಎರಡು ದಿನಕ್ಕೊಮ್ಮೆ ಸಾಕು. ಬೆಳಗಿನ ಜಾವದ ಐದು ಗಂಟೆಯ ಪ್ರಶ್ನೆಗೆ ಉತ್ತರ ಕೊಡುವುದು ಈ ಟ್ಯಾಂಕೇ.

ಆದರೆ 2,000 ಲೀಟರ್ ಎಂದರೆ ಎರಡು ಟನ್. ಹಳೇ ಮರದ ನೆಲದ ಮೇಲೆ ಸುಮ್ನೆ ಇಡುವಂಥದ್ದಲ್ಲ. ಬಾಗಿಲಲ್ಲಿ ತೂರುತ್ತದೆಯೇ ಎಂದೂ ಮೊದಲೇ ಅಳೆಯಿರಿ. ಸಾಲದ್ದಕ್ಕೆ ಬಾಯ್ಲರ್‌ಗೆ ವಾಪಸ್ ಬರುವ ನೀರು 55 ಡಿಗ್ರಿಗಿಂತ ತಣ್ಣಗಿರಬಾರದು. ಇದ್ದರೆ ಒಳಗೋಡೆಯಲ್ಲಿ ಟಾರು ಕಟ್ಟಿ ಕಬ್ಬಿಣ ಕೊರೆಯುತ್ತದೆ. ಅದಕ್ಕೆಂದೇ ಬಿಸಿನೀರು ಬೆರೆಸುವ ವಾಲ್ವ್ ಇರುತ್ತದೆ. ಖರ್ಚು ಉಳಿಸಲು ಅದನ್ನು ಬಿಡಿಸುವ ಪ್ಲಂಬರ್ ಸಿಕ್ಕರೆ ಪ್ಲಂಬರನ್ನೇ ಬಿಡಿ.

ಕರೆಂಟ್ ಹೋದಾಗ ಏನು? ಗ್ಯಾಸ್ ತಕ್ಷಣ ಆರುತ್ತದೆ. ಸೌದೆ ಆರುವುದಿಲ್ಲ. ಪಂಪ್ ನಿಂತು ಬೆಂಕಿ ಉರಿಯುತ್ತಲೇ ಇದ್ದರೆ ಬಾಯ್ಲರ್‌ನ ನೀರು ಕುದಿಯುತ್ತದೆ. ಆದ್ದರಿಂದ ಪಂಪಿಲ್ಲದೆ ತಾನಾಗಿ ನೀರು ಮೇಲೇರುವ ದಾರಿ, ತಣ್ಣೀರು ಹರಿಸಿ ಬಾಯ್ಲರ್ ತಣಿಸುವ ಸುರುಳಿ, ಒತ್ತಡ ಬಿಡುವ ಸುರಕ್ಷತಾ ವಾಲ್ವ್, ಇವನ್ನು ತಯಾರಕರು ಹೇಳಿದಂತೆಯೇ ಹಾಕಿಸಬೇಕು. ಮನೆಯವರೇ ಮಾಡಿಕೊಳ್ಳುವ ಕೆಲಸವಲ್ಲ ಇದು.

ಪೆಲೆಟ್: ಸೋಮಾರಿಯ ಸೌದೆ

ಹೀಗೆಂದರೆ ಪೆಲೆಟ್ ಬಳಸುವವರಿಗೆ ಕೋಪ ಬರುತ್ತದೆ, ಆದರೆ ನಾನು ಹೊಗಳಿಕೆಯಾಗಿಯೇ ಹೇಳುತ್ತಿದ್ದೇನೆ. ಮರದ ಹೊಟ್ಟನ್ನು ಒತ್ತಿ ಮಾಡಿದ ಈ ಸಣ್ಣ ಕಡ್ಡಿಗಳು ತಾವಾಗಿ ಒಲೆಗೆ ಬೀಳುತ್ತವೆ, ಒಲೆ ತಾನಾಗಿ ಹತ್ತುತ್ತದೆ, ತಾನಾಗಿ ಆರುತ್ತದೆ. ಗ್ಯಾಸಿನ ಆರಾಮಕ್ಕೆ ಅತಿ ಹತ್ತಿರ ಇದೇ. ಕಿಲೋಗೆ ಸುಮಾರು 4.8 ಯೂನಿಟ್ ಶಾಖ. ನಮ್ಮ ಉದಾಹರಣೆಯ ಮನೆಗೆ ವರ್ಷಕ್ಕೆ ನಾಲ್ಕು ಟನ್‌ಗಿಂತ ಸ್ವಲ್ಪ ಜಾಸ್ತಿ, ಅಂದರೆ ಆರೇಳು ಘನ ಮೀಟರ್ ಜಾಗ. ಸೌದೆಯ ಅರ್ಧದಷ್ಟು. ಅತಿ ಚಳಿಯ ದಿನ 15 ಕಿಲೋದ ಮೂರು ಚೀಲ.

ಕೊಡಬೇಕಾದ ಬೆಲೆ ಏನು? ಪೆಲೆಟನ್ನು ನೀವು ಹಿತ್ತಲಲ್ಲಿ ಕಡಿಯಲಾರಿರಿ. ಗ್ಯಾಸ್ ಕಂಪನಿಯ ಹಂಗು ಹೋಗಿ ಪೆಲೆಟ್ ಮಾರುವವರ ಹಂಗು ಬರುತ್ತದೆ. ಕರೆಂಟ್ ಇಲ್ಲದಿದ್ದರೆ ಒಲೆ ಕೆಲಸ ಮಾಡುವುದಿಲ್ಲ. ತಿರುಗುವ ಭಾಗಗಳು ಜಾಸ್ತಿ, ಹಾಗಾಗಿ ಸರ್ವಿಸ್ ಬೇಕು. ನೀರು ಸೋಕಿದರೆ ಮತ್ತೆ ಹೊಟ್ಟಾಗುತ್ತದೆ. ಇನ್ನೊಂದು ವಿಷಯ ಜೀವಕ್ಕೆ ಸಂಬಂಧಿಸಿದ್ದು: ಮುಚ್ಚಿದ ಕೋಣೆಯಲ್ಲಿ ರಾಶಿ ಹಾಕಿದ ಪೆಲೆಟ್ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಆ ಕೋಣೆಗೆ ಗಾಳಿ ಆಡುವ ಕಿಂಡಿ ಇರಲೇಬೇಕು. ಒಳಗೆ ಹೋಗುವ ಮುಂಚೆ ಬಾಗಿಲು ತೆಗೆದು ಸ್ವಲ್ಪ ಹೊತ್ತು ಬಿಡಬೇಕು.

ಸೂರ್ಯನ ಬಗ್ಗೆ ನಿಜ ಮಾತಾಡೋಣ

ಸೋಲಾರ್‌ನಲ್ಲಿ ಎರಡು ಜಾತಿ. ಒಂದು ನೀರು ಕಾಯಿಸುವ ಕಲೆಕ್ಟರ್. ಇನ್ನೊಂದು ಕರೆಂಟ್ ಮಾಡುವ ಪ್ಯಾನೆಲ್. ಎರಡಕ್ಕೂ ಇರುವ ತೊಡಕು ಒಂದೇ: ಮನೆಗೆ ಶಾಖ ಬೇಕಾದಾಗ ಸೂರ್ಯ ಕೆಳಗಿರುತ್ತಾನೆ.

50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಡಿಸೆಂಬರ್ 21ರ ಮಧ್ಯಾಹ್ನ ಸೂರ್ಯ ದಿಗಂತದಿಂದ ಏರುವುದು ಬರೀ 16–17 ಡಿಗ್ರಿ. ಎದುರು ಮನೆಯ ಸೂರು ಅಥವಾ ಒಂದು ಮರ ಸಾಕು, ಇಡೀ ದಿನ ನೆರಳು. ಅಲ್ಲಿ ಡಿಸೆಂಬರ್‌ನಲ್ಲಿ ನೆಲಕ್ಕೆ ಬೀಳುವ ಬಿಸಿಲು ಜೂನ್‌ನ ಎಂಟರಲ್ಲಿ ಒಂದು ಪಾಲಿನಷ್ಟು. 10 ಚದರ ಮೀಟರ್ ಕಲೆಕ್ಟರ್ ಇಟ್ಟರೂ ಆ ತಿಂಗಳ ಸಾಧಾರಣ ದಿನ 10 ಯೂನಿಟ್ ಸಿಕ್ಕರೆ ದೊಡ್ಡದು. ಮನೆಗೆ ಬೇಕಾದದ್ದು 190. ಇದನ್ನು ನೋಡಿದ ಮೇಲೂ 'ಸೋಲಾರ್‌ನಲ್ಲೇ ಮನೆ ಬಿಸಿ' ಎಂದು ಯಾರಾದರೂ ಹೇಳಿದರೆ, ಯಾವ ತಿಂಗಳ ಲೆಕ್ಕ ಎಂದು ಕೇಳಿ.

35 ಡಿಗ್ರಿ ಅಕ್ಷಾಂಶಕ್ಕೆ ಬಂದರೆ ಕಥೆ ಬೇರೆ. ಅಲ್ಲಿ ಅದೇ ದಿನ ಸೂರ್ಯ 31–32 ಡಿಗ್ರಿ ಏರುತ್ತಾನೆ. ಎತ್ತರದ, ಒಣ ಹವೆಯ, ಮೋಡವಿಲ್ಲದ ಚಳಿಯ ಜಾಗವಾದರೆ ಹಗಲಿನ ಶಾಖದ ದೊಡ್ಡ ಪಾಲನ್ನು ಬಿಸಿಲೇ ಹೊರಬಲ್ಲದು. ರಾತ್ರಿಗೆ ಮಾತ್ರ ಒಲೆ ಸಾಕು. ಹಾಗಾಗಿ ಬೇರೆ ಊರಿನ ನೆಂಟರ ಅನುಭವವನ್ನು ನಿಮ್ಮ ಸೂರಿಗೆ ಅಂಟಿಸಬೇಡಿ.

ಬಿಸಿಲು ಕಡಿಮೆಯಿರುವ ಕಡೆಯೂ ಸೋಲಾರ್ ಚೆನ್ನಾಗಿ ಮಾಡುವ ಕೆಲಸ ಒಂದಿದೆ, ಸ್ನಾನಕ್ಕೆ, ಪಾತ್ರೆ ತೊಳೆಯಲು ಬೇಕಾದ ನೀರು ಕಾಯಿಸುವುದು. ನಾಲ್ಕು ಜನರ ಮನೆಗೆ 4–6 ಚದರ ಮೀಟರ್ ಕಲೆಕ್ಟರ್, 200–300 ಲೀಟರ್ ಟ್ಯಾಂಕ್ ಇದ್ದರೆ ವರ್ಷದ ಬಿಸಿನೀರಿನ ಅರ್ಧಕ್ಕೂ ಹೆಚ್ಚು ಅದರಿಂದಲೇ ಸಿಗುತ್ತದೆ. ಬೇಸಿಗೆಯಲ್ಲಿ ಹತ್ತಿರ ಹತ್ತಿರ ಪೂರ್ತಿ. ಸೌದೆ ಮನೆಗೆ ಇದು ವರ. ಜೂನ್‌ನಲ್ಲಿ ಸ್ನಾನದ ನೀರಿಗಾಗಿ ದೊಡ್ಡ ಬಾಯ್ಲರ್ ಹಚ್ಚುವುದು ಎಂಥಾ ಹಿಂಸೆ ಎಂದು ಹಚ್ಚಿದವರನ್ನು ಕೇಳಿ.

ಕಲೆಕ್ಟರನ್ನು ಮನೆ ಬೆಚ್ಚಗಿಡಲೂ ಬಳಸುವ ಆಸೆಯಿದ್ದರೆ 60 ಡಿಗ್ರಿಯಷ್ಟು ಕಡಿದಾಗಿ ನಿಲ್ಲಿಸಿ. ಚಳಿಗಾಲದ ಕೆಳಗಿನ ಸೂರ್ಯ ನೇರ ಬೀಳುತ್ತಾನೆ, ಹಿಮ ಜಾರುತ್ತದೆ, ಬೇಸಿಗೆಯಲ್ಲಿ ಅತಿಯಾಗಿ ಕಾಯುವುದೂ ತಪ್ಪುತ್ತದೆ. ಬೇಸಿಗೆಯಲ್ಲಿ ನೀರು ಬಳಸುವವರಿಲ್ಲದೆ ಪಂಪ್ ನಿಂತರೆ ಕಲೆಕ್ಟರ್‌ನ ಒಳಬಿಸಿ 150 ಡಿಗ್ರಿ ದಾಟುತ್ತದೆ. ಹೆಪ್ಪುಗಟ್ಟದಿರಲು ಹಾಕಿದ ಗ್ಲೈಕಾಲ್ ಹಾಗೆ ಪದೇಪದೇ ಕಾದು ಕೆಡುತ್ತದೆ. ಪಂಪ್ ನಿಂತಾಗ ನೀರೆಲ್ಲ ಕೆಳಗಿಳಿದು ಬರುವ ಮಾದರಿಯಲ್ಲಿ ಈ ಎರಡು ರಗಳೆಯೂ ಇಲ್ಲ. ಪೈಪಿನ ಇಳಿಜಾರು ಮಾತ್ರ ಸರಿಯಾಗಿರಬೇಕು.

ಪ್ಯಾನೆಲ್‌ನ ಕರೆಂಟಿನಿಂದ ಶಾಖ

ಕಲೆಕ್ಟರ್ ಒಂದು ಚದರ ಮೀಟರ್‌ನಿಂದ ಜಾಸ್ತಿ ಶಾಖ ತೆಗೆಯುತ್ತದೆ. ಪ್ಯಾನೆಲ್ ಬಿಸಿಲಿನ ಐದರಲ್ಲಿ ಒಂದು ಪಾಲನ್ನಷ್ಟೇ ಕರೆಂಟ್ ಮಾಡುತ್ತದೆ. ಒಂದು ಕಿಲೋವ್ಯಾಟ್‌ಗೆ ಸುಮಾರು 5 ಚದರ ಮೀಟರ್ ಸೂರು ಬೇಕು. ಆದರೂ ಸೂರು ದೊಡ್ಡದಿದ್ದರೆ ನಾನು ಪ್ಯಾನೆಲ್ ಕಡೆಗೇ ವಾಲುತ್ತೇನೆ. ವೈರು ಹೆಪ್ಪುಗಟ್ಟುವುದಿಲ್ಲ, ಸೋರುವುದಿಲ್ಲ. ಶಾಖ ಬೇಡವಾದಾಗ ಆ ಕರೆಂಟ್ ದೀಪಕ್ಕೆ, ವಾಷಿಂಗ್ ಮೆಷಿನ್‌ಗೆ ಹೋಗುತ್ತದೆ. ಉಳಿದದ್ದನ್ನು ಟ್ಯಾಂಕಿನ ಹೀಟರ್ ಕಾಯ್ಲ್‌ಗೆ ತಿರುಗಿಸಬಹುದು. ಮನೆ ಕಡಿಮೆ ಬಿಸಿನೀರಿನ ಪರೀಕ್ಷೆಯಲ್ಲಿ ಪಾಸಾಗಿದ್ದರೆ ಹೀಟ್ ಪಂಪ್ ಸೇರಿಸಬಹುದು. ಅದು ಒಂದು ಯೂನಿಟ್ ಕರೆಂಟಿಗೆ ಮೂರರಷ್ಟು ಶಾಖ ತರುತ್ತದೆ. ಹೊರಗೆ ಚಳಿ ಹೆಚ್ಚಿದಷ್ಟೂ ಈ ಲೆಕ್ಕ ಇಳಿಯುತ್ತದೆ, ಆಗ ಒಲೆ ನೆರವಿಗೆ ಬರುತ್ತದೆ.

ಒಂದು ತಪ್ಪು ಕಲ್ಪನೆ ಇಲ್ಲೇ ಬಿಡಿಸೋಣ. ಸೂರಿನ ಮೇಲೆ ಪ್ಯಾನೆಲ್ ಇದ್ದರೆ ಕರೆಂಟ್ ಹೋದಾಗಲೂ ಪಂಪ್ ಓಡುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಗ್ರಿಡ್‌ಗೆ, ಅಂದರೆ ಊರಿನ ಕರೆಂಟ್ ಲೈನಿಗೆ ಜೋಡಿಸಿದ ಸಾಮಾನ್ಯ ಸೋಲಾರ್ ಇನ್ವರ್ಟರ್ ಕರೆಂಟ್ ಹೋದ ಕ್ಷಣ ತಾನೂ ನಿಲ್ಲುತ್ತದೆ. ಲೈನ್ ರಿಪೇರಿ ಮಾಡುವವರ ಜೀವ ಉಳಿಸಲು ಹಾಗೆ ಮಾಡಿರುತ್ತಾರೆ. ಬ್ಯಾಟರಿ ಮತ್ತು ಪ್ರತ್ಯೇಕ ಬ್ಯಾಕಪ್ ಸೌಲಭ್ಯ ಇರುವ ಇನ್ವರ್ಟರ್ ಬೇಕು.

ಚಿಮಣಿ, ಸೌದೆ, ಹೊಗೆ

ಗ್ಯಾಸ್ ಓಡುತ್ತಿದ್ದ ಚಿಮಣಿಗೆ ಸೌದೆ ಒಲೆ ಹಾಗೇ ಜೋಡಿಸಬೇಡಿ. ಈಗಿನ ಹೆಚ್ಚು ದಕ್ಷತೆಯ ಗ್ಯಾಸ್ ಬಾಯ್ಲರ್‌ಗಳ ಹೊಗೆ ಎಷ್ಟು ತಣ್ಣಗಿರುತ್ತದೆ ಎಂದರೆ ಪ್ಲಾಸ್ಟಿಕ್ ಕೊಳವೆಯೇ ಸಾಕಾಗುತ್ತದೆ. ಸೌದೆಯ ಹೊಗೆಗೆ ಅದು ನಿಲ್ಲದು. ಹಳೇ ಇಟ್ಟಿಗೆ ಚಿಮಣಿಯಲ್ಲಿ ಬಿರುಕು, ಹಕ್ಕಿಗೂಡು, ಉದುರಿದ ಗಾರೆ ಏನು ಬೇಕಾದರೂ ಇರಬಹುದು. ಕ್ಯಾಮೆರಾ ಇಳಿಸಿ ನೋಡಿಸಿ, ಸೌದೆಗೆ ತಕ್ಕ ಸ್ಟೇನ್‌ಲೆಸ್ ಕೊಳವೆ ಒಳಗೆ ಹಾಕಿಸಿ. ಟಾರು ಕಟ್ಟಿದ ಚಿಮಣಿಗೆ ಬೆಂಕಿ ಹತ್ತಿದರೆ ಒಳಗೆ 1,000 ಡಿಗ್ರಿ ದಾಟುತ್ತದೆ. ವರ್ಷಕ್ಕೆ ಒಮ್ಮೆಯಾದರೂ ಗುಡಿಸಿಸಬೇಕು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಲೆಯ ಬೆಲೆಯ ಮುಂದೆ ಏನೂ ಅಲ್ಲ, ಅದಿಲ್ಲದೆ ಒಲೆ ಹಚ್ಚಲೇಬೇಡಿ.

ಸೌದೆಯ ವಿಷಯದಲ್ಲಿ ನಾನೇ ಮೊದಲ ವರ್ಷ ಮೋಸ ಹೋದೆ. ಒಣಗಿದೆ ಎಂದು ಹೇಳಿ ಕೊಟ್ಟದ್ದು ಒಲೆಯಲ್ಲಿ ಚಿಟಿಚಿಟಿ ಎನ್ನುತ್ತಿತ್ತು, ತುದಿಯಲ್ಲಿ ನೊರೆ ಬರುತ್ತಿತ್ತು. ಒಂದೇ ಸಂಜೆಗೆ ಗಾಜು ಕಪ್ಪು. ಹಸಿ ಸೌದೆಯಲ್ಲಿ ಅರ್ಧ ತೂಕ ನೀರೇ ಇರುತ್ತದೆ. ಕಿಲೋಗೆ 4 ಯೂನಿಟ್ ಎಂದು ಲೆಕ್ಕ ಹಾಕಿದ್ದು 2ಕ್ಕೆ ಇಳಿಯುತ್ತದೆ. ತೇವದ ಮೀಟರ್ ಒಂದು ಕೊಳ್ಳಿ. ತುಂಡನ್ನು ಆಗ ತಾನೇ ಸೀಳಿ ಒಳಮೈಗೆ ಚುಚ್ಚಿ ನೋಡಿ. ಹೊರಮೈ ಯಾವಾಗಲೂ ಒಣಗಿದಂತೆಯೇ ಕಾಣುತ್ತದೆ. ತೇವ ನೂರಕ್ಕೆ 20ಕ್ಕಿಂತ ಕಡಿಮೆ ಬಂದರೆ ಸರಿ. ಮೆದು ಮರ ಒಂದು ವರ್ಷದಲ್ಲಿ ಒಣಗೀತು, ಗಟ್ಟಿ ಮರಕ್ಕೆ ಎರಡು ವರ್ಷ. ಅಂದರೆ ಸೌದೆಗೆ ಹೋಗುವ ನಿರ್ಧಾರ ಒಲೆ ಕೊಳ್ಳುವ ಎರಡು ವರ್ಷ ಮುಂಚೆ ಆಗಬೇಕು!

ಹೊಗೆಯ ಮಾತು. ಸೌದೆ ಹೊಗೆಯಲ್ಲಿ ಪಿಎಂ 2.5 ಎನ್ನುವ ನವಿರು ಕಣಗಳಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದರ ವಾರ್ಷಿಕ ಮಿತಿಯನ್ನು ಘನ ಮೀಟರ್‌ಗೆ 5 ಮೈಕ್ರೋಗ್ರಾಂಗೆ ಇಳಿಸಿತು. ಒತ್ತೊತ್ತಾಗಿ ಮನೆಗಳಿರುವ ಕಡೆ, ಗಾಳಿ ನಿಲ್ಲುವ ಕಣಿವೆಯಲ್ಲಿ, ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ನಾನು ಸೌದೆ ಒಲೆ ಬೇಡ ಎಂದೇ ಹೇಳುತ್ತೇನೆ. ಕೆಲವು ಊರುಗಳಲ್ಲಿ ಕಾನೂನೂ ಬಿಡುವುದಿಲ್ಲ. ಮೊದಲೇ ವಿಚಾರಿಸಿಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು

ಕೈಯಲ್ಲಿ ಹಣ ಕಡಿಮೆ, ಒಣ ಸೌದೆ ಹತ್ತಿರದಲ್ಲೇ ಸಿಗುತ್ತದೆ ಎಂದಾದರೆ ಸೂರಿಗೆ ಇನ್ಸುಲೇಷನ್, ಒಂದು ಒಳ್ಳೆ ಒಲೆ, ಅಷ್ಟೆ. ಗ್ಯಾಸ್ ಇರಲಿ. ದೂರದ ಕೋಣೆಗಳನ್ನೂ ಬೆಳಗಿನ ಜಾವವನ್ನೂ ಅದು ನೋಡಿಕೊಳ್ಳುತ್ತದೆ. ಅರ್ಧ ದಾರಿ ಅನ್ನಿಸಬಹುದು, ಆದರೆ ಹಾಕಿದ ಹಣಕ್ಕೆ ಅತಿ ಹೆಚ್ಚು ಫಲ ಇಲ್ಲೇ.

ಸ್ವಂತ ತೋಟ, ಗಟ್ಟಿ ಮೈ, ಟ್ಯಾಂಕಿಗೆ ಜಾಗ, ಕೆಲಸದ ಮೇಲೆ ಪ್ರೀತಿ ಇದ್ದರೆ ಸೌದೆ ಬಾಯ್ಲರ್, ದೊಡ್ಡ ಟ್ಯಾಂಕ್, ಬೇಸಿಗೆಯ ನೀರಿಗೆ 5–6 ಚದರ ಮೀಟರ್ ಕಲೆಕ್ಟರ್. ಸೋಲಾರ್ ಸುರುಳಿ ಟ್ಯಾಂಕಿನ ತಳದಲ್ಲಿ, ತಣ್ಣನೆ ನೀರಿರುವ ಕಡೆ ಇರಲಿ. ಬಾಯ್ಲರ್‌ನ ಬಿಸಿ ಮೇಲಿಂದ ಸೇರಲಿ. ಆಗ ಮಂಕು ಬಿಸಿಲೂ ಉಪಯೋಗಕ್ಕೆ ಬರುತ್ತದೆ. ಸ್ನಾನದ ನೀರು ಮಾತ್ರ ಆಗಾಗ 60 ಡಿಗ್ರಿ ಮುಟ್ಟಬೇಕು, ಇಲ್ಲದಿದ್ದರೆ ಬೆಚ್ಚನೆ ನೀರಿನಲ್ಲಿ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಐವತ್ತು ದಾಟಿದವರು ಒಂದು ಪ್ರಶ್ನೆ ಕೇಳಿಕೊಳ್ಳಿ: ಇನ್ನು ಹದಿನೈದು ವರ್ಷಕ್ಕೂ ದಿನಕ್ಕೆ 60 ಕಿಲೋ ಹೊರುವಿರಾ?

ಇಬ್ಬರೂ ಕೆಲಸಕ್ಕೆ ಹೋಗುವ ಮನೆ, ವಯಸ್ಸಾದವರಿರುವ ಮನೆ, ಆದರೆ ಗ್ಯಾಸ್ ಬೇಡವೇ ಬೇಡ ಎನ್ನುವವರಿಗೆ ಪೆಲೆಟ್ ಬಾಯ್ಲರ್. ಹಣ ಮಿಕ್ಕರೆ ಜೊತೆಗೆ ಪ್ಯಾನೆಲ್.

ಸೌದೆಗೆ ಜಾಗವಿಲ್ಲ, ಸೂರು ದೊಡ್ಡದು, ಮನೆ ಬಿಗಿ, 50 ಡಿಗ್ರಿ ನೀರಿಗೆ ಬೆಚ್ಚಗಾಗುತ್ತದೆ ಎಂದಾದರೆ ಪ್ಯಾನೆಲ್ ಮತ್ತು ಹೀಟ್ ಪಂಪ್. ಒಂದು ಸಣ್ಣ ಒಲೆ ಇದ್ದರೆ ಕರೆಂಟ್ ಹೋದ ರಾತ್ರಿಗೆ ಆಸರೆ. ಸೂರಿಗೆ ನೆರಳು ಜಾಸ್ತಿಯಾದರೆ ಸೋಲಾರ್ ಮಾತೇ ಬೇಡ. ಆ ಹಣ ಗೋಡೆ ಕಿಟಕಿಗೆ ಹೋಗಲಿ.

ಯಾವ ದಾರಿ ಹಿಡಿದರೂ ಒಂದು ಚಳಿಗಾಲ ದಾಟುವ ತನಕ ಗ್ಯಾಸ್ ಸಂಪರ್ಕ ಕಡಿಸಬೇಡಿ. ತಿಂಗಳ ಬಾಡಿಗೆ ಕಟ್ಟುವುದು ಹೊಟ್ಟೆ ಉರಿಸುತ್ತದೆ, ಕಟ್ಟಿ. ಗ್ಯಾಸ್ ಹಚ್ಚಿದ ದಿನವೆಲ್ಲ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಯಾಕೆ ಹಚ್ಚಿದಿರಿ ಎಂದು ಪಕ್ಕದಲ್ಲಿ ಒಂದು ಮಾತು ಬರೆಯಿರಿ. ವಸಂತಕ್ಕೆ ಲೆಕ್ಕ ಹಾಕಿ. ಊರಿಗೆ ಹೋಗಿದ್ದಾಗ, ಜ್ವರ ಬಂದಾಗ ಎಂದು ನಾಲ್ಕೈದು ದಿನ ಮಾತ್ರ ಇದ್ದರೆ ಟ್ಯಾಂಕಿನೊಳಗೆ ಒಂದು ಕರೆಂಟ್ ಹೀಟರ್ ಹಾಕಿಸಿ, ಗ್ಯಾಸ್ ಕಡಿಸಿ. ಪ್ರತಿ ವಾರ ಮೂರು ದಿನ 'ಬೆಳಿಗ್ಗೆ ತಣ್ಣಗಿತ್ತು' ಎಂದು ಬರೆದಿದ್ದರೆ ಟ್ಯಾಂಕ್ ಸಣ್ಣದಾಗಿದೆ. 'ಒಲೆ ಹತ್ತಲಿಲ್ಲ' ಎಂದು ಬರೆದಿದ್ದರೆ ಸೌದೆ ಹಸಿ. 'ಸಾಕಾಯ್ತು' ಎಂದು ಬರೆದಿದ್ದರೆ ಪೆಲೆಟ್ ಮಾರುವವರ ನಂಬರ್ ಹುಡುಕಿ.